ಅಟ್ಟದ ಜಂತೆಗಳ ನಡುವೆ ರಂಧ್ರ ಕೊರೆಯಲು ಲಂಬಕೋನ ಡ್ರಿಲ್: ಆಯ್ಕೆ ಮತ್ತು ಬಳಕೆ

ಗೋಣಿಕೊಪ್ಪಲು, ಪೊನ್ನಂಪೇಟೆ, ತಿತಿಮತಿ, ಬಾಳೆಲೆ, ಶ್ರೀಮಂಗಲ ಭಾಗಗಳ ಹಳೆಯ ತೋಟದ ಮನೆಗಳಲ್ಲಿ ಅಟ್ಟವು ಇಂದಿಗೂ ಉಗ್ರಾಣವಾಗಿ ಬಳಕೆಯಲ್ಲಿದೆ. ಒಣಗಿಸಿದ ಕಾಫಿ, ಕಾಳುಮೆಣಸು, ಬಿತ್ತನೆಯ ಭತ್ತ, ಖಾಲಿ ಗೋಣಿಚೀಲಗಳು ಅಲ್ಲಿಯೇ ಇರುತ್ತವೆ. ಐವತ್ತು ಕಿಲೋಗ್ರಾಂ ತೂಕದ ಹತ್ತು ಚೀಲಗಳನ್ನು ಒಂದು ಮೂಲೆಯಲ್ಲಿ ಪೇರಿಸಿದರೆ ಅಟ್ಟದ ಆ ಭಾಗದ ಮೇಲೆ 500 ಕಿಲೋಗ್ರಾಂ ಭಾರ ಬೀಳುತ್ತದೆ; ಹೊತ್ತು ತರುವ ಇಬ್ಬರ ತೂಕ ಅದಕ್ಕೆ ಸೇರಬೇಕು. ಈ ಭಾರವನ್ನೆಲ್ಲ ಹೊರುವುದು ಹಲಗೆಯಲ್ಲ, ಹಲಗೆಯ ಕೆಳಗಿರುವ ಜಂತೆಗಳು. ಅದೇ ಜಂತೆಗಳಲ್ಲಿ ವಿದ್ಯುತ್ ತಂತಿ ಹಾಯಿಸಲು, ಗಾಳಿ ಹೊರಹಾಕುವ ಫ್ಯಾನಿಗೆ ಸಂಪರ್ಕ ಕೊಡಲು, ಸೌರ ಫಲಕದ ತಂತಿಯನ್ನು ಕೆಳಗಿಳಿಸಲು ಅಥವಾ ಗೆದ್ದಲಿಗೆ ಔಷಧ ತುಂಬಲು ರಂಧ್ರ ಕೊರೆಯಬೇಕಾದ ಸಂದರ್ಭ ಬರುತ್ತದೆ. ಆಗ ಕೈಗೆ ಸಿಕ್ಕಿದ ಡ್ರಿಲ್ ಯಂತ್ರವನ್ನು ಓರೆಯಾಗಿ ತೂರಿಸಿ ಕೊರೆಯುವುದು ರೂಢಿ. ಈ ರೂಢಿಯಿಂದ ಜಂತೆಗೆ ಆಗುವ ಹಾನಿ ಹೊರಗೆ ಕಾಣುವುದಿಲ್ಲ. ಅಟ್ಟ ತುಂಬಿದ ದಿನ ಅದು ಪ್ರಕಟವಾಗಬಹುದು.

ಮನೆಯಿಂದ ಮನೆಗೆ, ಆಚಾರಿಯಿಂದ ಆಚಾರಿಗೆ ಮರದ ಹೆಸರುಗಳು ಬದಲಾಗುವುದುಂಟು. ಈ ಲೇಖನದಲ್ಲಿ ಗೋಡೆಯಿಂದ ಗೋಡೆಗೆ ಹಾಯುವ ದಪ್ಪ ಮರವನ್ನು ತೊಲೆ ಎಂದೂ, ತೊಲೆಗಳ ಮೇಲೆ ಅಡ್ಡಲಾಗಿ ಸಾಲಾಗಿ ಕೂರಿಸಿದ ಮರವನ್ನು ಜಂತೆ ಎಂದೂ, ಜಂತೆಗಳ ಮೇಲೆ ಬಡಿದದ್ದನ್ನು ಹಲಗೆ ಎಂದೂ ಕರೆಯಲಾಗಿದೆ. ಜಂತೆಯ ಎತ್ತರವನ್ನು, ಅಂದರೆ ಹಲಗೆಯ ತಳದಿಂದ ಜಂತೆಯ ಕೆಳಅಂಚಿನವರೆಗಿನ ಅಳತೆಯನ್ನು, ಆಳ ಎಂದು ಹೇಳಲಾಗಿದೆ.

ಓರೆಯಾಗಿ ಕೊರೆದರೆ ಆಗುವುದೇನು?

ಒಂದು ಉದಾಹರಣೆ ತೆಗೆದುಕೊಳ್ಳಿ. ಎರಡು ಜಂತೆಗಳ ನಡುವೆ 280 ಮಿ.ಮೀ. ತೆರವು ಇದೆ. ಜಂತೆಯ ಆಳ 150 ಮಿ.ಮೀ., ದಪ್ಪ 75 ಮಿ.ಮೀ. ಮನೆಬಳಕೆಯ ತಂತಿಯುಳ್ಳ ಸಾಮಾನ್ಯ ಡ್ರಿಲ್ ಯಂತ್ರದ ಉದ್ದ ಸುಮಾರು 260ರಿಂದ 300 ಮಿ.ಮೀ. ಇರುತ್ತದೆ. ಚಪ್ಪಟೆ ಬಿಟ್ಟಿನ ಉದ್ದ ಸುಮಾರು 150 ಮಿ.ಮೀ.; ಅದರಲ್ಲಿ 25 ಮಿ.ಮೀ. ಚಕ್ಕಿನೊಳಗೆ ಹೋದರೂ 125 ಮಿ.ಮೀ. ಹೊರಗೆ ಉಳಿಯುತ್ತದೆ. ಒಟ್ಟು 400 ಮಿ.ಮೀ. ಉದ್ದದ ವಸ್ತು 280 ಮಿ.ಮೀ. ತೆರವಿನಲ್ಲಿ ನೇರವಾಗಿ ಕೂರಲಾರದು. ಬ್ಯಾಟರಿಯ ಚಿಕ್ಕ ಡ್ರಿಲ್ ಕೂಡ ಬಿಟ್ ಸೇರಿ 300 ಮಿ.ಮೀ. ದಾಟುತ್ತದೆ. ಆದ್ದರಿಂದ ಕೆಳಗೆ ಏಣಿಯ ಮೇಲೆ ನಿಂತವರು ಯಂತ್ರವನ್ನು ಕೆಳಗಿಳಿಸಿ, ಬಿಟ್ಟಿನ ತುದಿಯನ್ನು ಮೇಲ್ಮುಖವಾಗಿ ಇಟ್ಟು ಕೊರೆಯುತ್ತಾರೆ.

ಹೀಗೆ 30 ಡಿಗ್ರಿ ಓರೆಯಲ್ಲಿ ಕೊರೆದ ರಂಧ್ರವು 75 ಮಿ.ಮೀ. ದಪ್ಪವನ್ನು ದಾಟುವಷ್ಟರಲ್ಲಿ 43 ಮಿ.ಮೀ. ಮೇಲೇರಿರುತ್ತದೆ. ಆಚೆ ಬದಿಯಲ್ಲಿ ಜಂತೆಯ ನಡುಮಧ್ಯಕ್ಕೆ ಹೊರಬರಬೇಕಾದರೆ ಈಚೆ ಬದಿಯಲ್ಲಿ ಕೆಳಅಂಚಿನಿಂದ ಕೇವಲ 32 ಮಿ.ಮೀ. ಎತ್ತರದಲ್ಲಿ ಆರಂಭಿಸಬೇಕಾಗುತ್ತದೆ. ರಂಧ್ರದ ವ್ಯಾಸ 22 ಮಿ.ಮೀ. ಆಗಿದ್ದರೆ ಅದರ ಕೆಳಗೆ ಉಳಿಯುವ ಮರ ಸುಮಾರು 20 ಮಿ.ಮೀ. ಮಾತ್ರ.

ಭಾರ ಬಿದ್ದಾಗ ಜಂತೆ ಬಾಗುತ್ತದೆ. ಅದರ ಮೇಲ್ಭಾಗ ಒತ್ತಲ್ಪಡುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ, ನಡುಮಧ್ಯದಲ್ಲಿ ಎರಡೂ ಅತ್ಯಲ್ಪ. ಆದಕಾರಣ ನಡುಮಧ್ಯದ ಮರ ಹೋದರೆ ಹೆಚ್ಚು ನಷ್ಟವಿಲ್ಲ. ಕೆಳಅಂಚಿನ ಮರ ಹೋದರೆ ನಷ್ಟ ಬಹಳ. ಲೆಕ್ಕದಿಂದಲೇ ಇದನ್ನು ನೋಡಬಹುದು. ಆಳದ ಕಾಲು ಭಾಗದಷ್ಟು ವ್ಯಾಸದ ರಂಧ್ರವನ್ನು ಸರಿಯಾಗಿ ನಡುಮಧ್ಯದಲ್ಲಿ ಕೊರೆದರೆ ಆ ಜಾಗದಲ್ಲಿ ಜಂತೆಯ ಬಾಗುವಿಕೆಯನ್ನು ತಡೆಯುವ ಸಾಮರ್ಥ್ಯ 64ರಲ್ಲಿ ಒಂದು ಪಾಲಿನಷ್ಟು ಮಾತ್ರ ಕುಗ್ಗುತ್ತದೆ. ಅದೇ ಕಾಲು ಭಾಗವನ್ನು ಕೆಳಅಂಚಿನಲ್ಲಿ ಕಚ್ಚು ಹಾಕಿ ತೆಗೆದರೆ ಉಳಿಯುವ ಬಲ 16ರಲ್ಲಿ 9 ಪಾಲು. ಅಂದರೆ ನೂರಕ್ಕೆ 44ರಷ್ಟು ಬಲ ಹೋಯಿತು. ಕೆಳಅಂಚಿಗೆ ಹತ್ತಿರದ ಓರೆ ರಂಧ್ರ ಈ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಉಳಿದ ತೆಳುವಾದ ಪಟ್ಟಿಯಲ್ಲಿ ಒಂದು ಗಂಟೋ ಸೀಳೋ ಇದ್ದರೆ ಕಚ್ಚಿನ ಕಡೆಗೇ ವಾಲುತ್ತದೆ.

ಲಂಬಕೋನ ಡ್ರಿಲ್ ಕೊಳ್ಳುವುದಕ್ಕೆ ಮುಖ್ಯ ಕಾರಣ ಇದು. ಕೆಲಸ ಬೇಗ ಮುಗಿಯುತ್ತದೆ, ಕೈ ನೋಯುವುದಿಲ್ಲ ಎಂಬುವು ಆಮೇಲಿನ ಮಾತು. ರಂಧ್ರ ನೇರವಾಗಿ, ನಡುಮಧ್ಯದಲ್ಲಿ ಬರಬೇಕು. ಇಕ್ಕಟ್ಟಿನಲ್ಲಿ ಅದನ್ನು ಸಾಧಿಸಲು ಯಂತ್ರದ ತಲೆ ದೇಹಕ್ಕೆ ಅಡ್ಡಲಾಗಿ ತಿರುಗಿರಬೇಕು.

ಅಂಗಡಿಗೆ ಹೋಗುವ ಮೊದಲು ಅಳತೆ

ಯಂತ್ರದ ಬೆಲೆ ಕೇಳುವ ಮೊದಲು ಅಟ್ಟಕ್ಕೆ ಹೋಗಿ ಮೂರು ಅಳತೆ ಬರೆದುಕೊಳ್ಳಿ: ಜಂತೆಗಳ ನಡುವಿನ ತೆರವು, ಜಂತೆಯ ಆಳ, ಜಂತೆಯ ದಪ್ಪ. ಹಳೆಯ ಮನೆಗಳಲ್ಲಿ ಕೊಡಲಿ, ಬಾಚಿಗಳಿಂದ ಕೆತ್ತಿ ಕೂರಿಸಿದ ಜಂತೆಗಳ ಅಂತರ ಒಂದೇ ಸಮನಾಗಿರುವುದಿಲ್ಲ. ಆದ್ದರಿಂದ ಕೊರೆಯಬೇಕಾದ ಪ್ರತಿಯೊಂದು ಅಂಕಣದಲ್ಲಿಯೂ ಅಳೆದು, ಅತ್ಯಂತ ಕಿರಿದಾದುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಯಂತ್ರದ ವಿವರಪತ್ರದಲ್ಲಿ ತಲೆಯ ಎತ್ತರ ಎಂಬ ಅಳತೆ ಇರುತ್ತದೆ. ತಲೆಯ ಹಿಂಬದಿಯಿಂದ ಚಕ್ಕಿನ ತುದಿಯವರೆಗಿನ ದೂರ ಅದು. ಕೆಲವು ತಯಾರಕರು ಚಕ್ಕನ್ನು ಬಿಟ್ಟು ಅಳತೆ ಕೊಟ್ಟಿರುತ್ತಾರೆ; ಅಂಗಡಿಯಲ್ಲಿ ನೀವೇ ಟೇಪು ಹಿಡಿದು ನೋಡುವುದು ಲೇಸು. ಈ ಎತ್ತರಕ್ಕೆ ಬಿಟ್ಟಿನ ಹೊರಚಾಚಿದ ಉದ್ದವನ್ನು ಕೂಡಿಸಿ, ಕೈಯಾಡಲು 20 ಮಿ.ಮೀ. ಸೇರಿಸಿ. ಬಂದ ಮೊತ್ತ ತೆರವಿಗಿಂತ ಕಡಿಮೆ ಇದ್ದರೆ ಆ ಯಂತ್ರ ನಿಮ್ಮ ಅಟ್ಟಕ್ಕೆ ಹೊಂದುತ್ತದೆ. ಮೇಲಿನ ಉದಾಹರಣೆಯಲ್ಲಿ ಚಕ್ಕು ಸೇರಿ 100 ಮಿ.ಮೀ. ಎತ್ತರದ ತಲೆಯಿದ್ದರೆ 100, 125, 20 ಸೇರಿ 245 ಮಿ.ಮೀ. ಆಗುತ್ತದೆ, 280ರಲ್ಲಿ ಸುಲಭವಾಗಿ ಕೂರುತ್ತದೆ. ಕೊರೆಯಲು ತೊಡಗುವ ಕ್ಷಣದಲ್ಲಿಯೇ ಹೆಚ್ಚು ಜಾಗ ಬೇಕಾಗುವುದು. ಬಿಟ್ ಒಳಗೆ ಇಳಿದಂತೆ ಹಿಂದೆ ತೆರವು ಹೆಚ್ಚುತ್ತದೆ.

ತೆರವು 200 ಮಿ.ಮೀ. ಮಾತ್ರ ಇದ್ದರೆ 100 ಮಿ.ಮೀ. ಉದ್ದದ ಮೊಟಕು ಬಿಟ್ ಹಾಕಬೇಕು. ಆಗ 100, 75, 20 ಸೇರಿ 195 ಮಿ.ಮೀ. ಆಗುತ್ತದೆ; ಕೂರುತ್ತದೆ, ಆದರೆ ಮೊಟಕು ಬಿಟ್ 75 ಮಿ.ಮೀ. ದಪ್ಪದ ಜಂತೆಯನ್ನು ಪೂರ್ತಿ ದಾಟಲಾರದು. ಇದಕ್ಕೆ ಆಚಾರಿಗಳು ಬಲ್ಲ ಉಪಾಯವಿದೆ: ಬಿಟ್ಟಿನ ಮೊನೆ ಆಚೆ ಬದಿಯಲ್ಲಿ ಇಣುಕಿದೊಡನೆ ನಿಲ್ಲಿಸಿ, ಆ ಚುಕ್ಕೆಯನ್ನೇ ಗುರುತಾಗಿಟ್ಟುಕೊಂಡು ಪಕ್ಕದ ಅಂಕಣದಿಂದ ಉಳಿದುದನ್ನು ಕೊರೆಯುವುದು. ಇದರಿಂದ ಆಚೆ ಬದಿಯ ಮರ ಸಿಬಿರೆದ್ದು ಕೀಳುವುದೂ ತಪ್ಪುತ್ತದೆ.

ಯಾವ ಬಗೆಯ ಯಂತ್ರ?

ಅಂಗಡಿಯಲ್ಲಿ ‘ಆ್ಯಂಗಲ್ ಡ್ರಿಲ್’ ಎಂದು ಕೇಳಬೇಕು. ‘ಆ್ಯಂಗಲ್’ ಎಂದಷ್ಟೇ ಹೇಳಿದರೆ ಆ್ಯಂಗಲ್ ಗ್ರೈಂಡರ್ ತಂದಿಡುವ ಸಂಭವವೇ ಹೆಚ್ಚು. ಗ್ರೈಂಡರ್ ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುವ, ಲೋಹ ಕತ್ತರಿಸುವ ಯಂತ್ರ. ಅದಕ್ಕೆ ಚಕ್ಕು ಜೋಡಿಸಿ ಮರ ಕೊರೆಯುವ ಸಾಹಸವನ್ನು ಯಾವ ಕಾರಣಕ್ಕೂ ಮಾಡಬಾರದು.

ಎಲ್ಲಕ್ಕಿಂತ ಅಗ್ಗವಾದುದು ಲಂಬಕೋನದ ಜೋಡಣೆ. ನಿಮ್ಮಲ್ಲಿ ಈಗಾಗಲೇ ಇರುವ ಡ್ರಿಲ್ಲಿನ ಚಕ್ಕಿಗೆ ಸಿಕ್ಕಿಸುವ ಮೊಣಕೈಯಂತಹ ಉಪಕರಣ ಇದು. ತಲೆ ಚಿಕ್ಕದು, ಬಹಳ ಕಿರಿದಾದ ಜಾಗಕ್ಕೂ ಹೋಗುತ್ತದೆ. ತಿರುಪು ಬಿಗಿಯಲು, ಗೆದ್ದಲಿನ ಔಷಧಕ್ಕೆ 3 ಮಿ.ಮೀ. ರಂಧ್ರ ಹಾಕಲು ಸಾಕು. ಆದರೆ ಒಳಗಿನ ಚಿಕ್ಕ ಹಲ್ಲುಗಾಲಿಗಳು ಗಟ್ಟಿಮರದಲ್ಲಿ 22 ಮಿ.ಮೀ. ರಂಧ್ರದ ಹೊರೆ ತಾಳುವುದಿಲ್ಲ. ಎರಡು ಕೈಗಳಿಗೂ ಕೆಲಸ ಇರುವುದರಿಂದ ಏಣಿಯ ಮೇಲೆ ಹಿಡಿತವೂ ಕಷ್ಟ. ವರ್ಷಕ್ಕೊಮ್ಮೆ ನಾಲ್ಕಾರು ಸಣ್ಣ ರಂಧ್ರಗಳಿಗಾಗಿ ಇದನ್ನು ಕೊಳ್ಳಬಹುದು; ತಂತಿ ಹಾಯಿಸುವ ಕೆಲಸಕ್ಕೆ ನಂಬಬಾರದು.

ಬ್ಯಾಟರಿಯ ಲಂಬಕೋನ ಡ್ರಿಲ್ 12 ವೋಲ್ಟ್ ಮತ್ತು 18 ವೋಲ್ಟ್ ಎಂಬ ಎರಡು ವರ್ಗಗಳಲ್ಲಿ ದೊರೆಯುತ್ತದೆ. ಲೇಬಲ್ಲಿನ ಸಂಖ್ಯೆಯಿಂದ ಮೋಸಹೋಗಬೇಡಿ. ‘20 ವೋಲ್ಟ್ ಮ್ಯಾಕ್ಸ್’ ಎಂಬುದು 18 ವೋಲ್ಟ್ ಬ್ಯಾಟರಿಯೇ. ಪೂರ್ತಿ ಚಾರ್ಜ್ ಆದ ಕ್ಷಣದ ಅಳತೆಯನ್ನು ದೊಡ್ಡದಾಗಿ ಮುದ್ರಿಸಿರುತ್ತಾರೆ. ಹಾಗೆಯೇ ‘12 ವೋಲ್ಟ್ ಮ್ಯಾಕ್ಸ್’ ವಾಸ್ತವದಲ್ಲಿ 10.8 ವೋಲ್ಟ್. ನಿಮ್ಮಲ್ಲಿ ಅದೇ ತಯಾರಕರ ಬ್ಯಾಟರಿ ಕತ್ತರಿಯೋ ಗರಗಸವೋ ಇದ್ದರೆ, ಅದೇ ಬ್ಯಾಟರಿಗೆ ಹೊಂದುವ ಡ್ರಿಲ್ಲಿನ ದೇಹವನ್ನಷ್ಟೇ ಕೊಂಡರೆ ಖರ್ಚು ಗಣನೀಯವಾಗಿ ತಗ್ಗುತ್ತದೆ. 12 ವೋಲ್ಟ್ ವರ್ಗದ ತಿರುಚುಬಲ ಸಾಮಾನ್ಯವಾಗಿ 10 ನ್ಯೂಟನ್ ಮೀಟರಿನ ಆಸುಪಾಸು. ಸಿಲ್ವರ್ ಓಕ್, ಹಲಸಿನಂತಹ ಮರದಲ್ಲಿ ನಿಧಾನವಾಗಿ 20 ಮಿ.ಮೀ. ವರೆಗೆ ಕೊರೆಯಬಹುದು, ಹಳೆಯ ಮತ್ತಿ, ಬೀಟೆ ಮರಗಳಲ್ಲಿ ಅದು ನಿಂತುಬಿಡುತ್ತದೆ.

ತಂತಿಯುಳ್ಳ 10 ಮಿ.ಮೀ. ಚಕ್ಕಿನ ಯಂತ್ರ ಮೂರನೆಯದು. ಸುಮಾರು 450 ವ್ಯಾಟ್ ಶಕ್ತಿ ಇದ್ದರೆ ಒಂದು ಮನೆಯ ಕೆಲಸಕ್ಕೆ ಧಾರಾಳವಾಯಿತು. ವಿವರಪತ್ರದಲ್ಲಿ ‘ಮರಕ್ಕೆ 25 ಮಿ.ಮೀ.’ ಎಂದು ಬರೆದಿದ್ದರೆ ಅದನ್ನು ಮೃದು ಮರದ ಲೆಕ್ಕವೆಂದೇ ತಿಳಿಯಿರಿ. ತೇಗದ ಸಾಂದ್ರತೆ ಘನಮೀಟರಿಗೆ ಸುಮಾರು 650 ಕಿಲೋಗ್ರಾಂ. ಮತ್ತಿ ಮತ್ತು ಬೀಟೆ 800ನ್ನು ದಾಟುತ್ತವೆ. ಅಡಿಗೆಮನೆಯ ಮೇಲಿನ, ದಶಕಗಳ ಹೊಗೆಯುಂಡು ಒಣಗಿದ ಜಂತೆಯಂತೂ ಇನ್ನೂ ಗಟ್ಟಿ. ಅಂತಹ ಮರದಲ್ಲಿ ಲೇಬಲ್ಲಿನ ಸಂಖ್ಯೆಗಿಂತ ಒಂದು ಮೆಟ್ಟಿಲು ಕೆಳಗೇ ಇರಬೇಕು.

13 ಮಿ.ಮೀ. ಚಕ್ಕಿನ, ಸಾವಿರ ವ್ಯಾಟಿಗೂ ಮೇಲ್ಪಟ್ಟ ದೊಡ್ಡ ಲಂಬಕೋನ ಯಂತ್ರಗಳೂ ಇವೆ. ದಿನವಿಡೀ ಇದೇ ಕೆಲಸ ಮಾಡುವ ಗುತ್ತಿಗೆದಾರರಿಗಾಗಿ ಅವನ್ನು ರೂಪಿಸಲಾಗಿದೆ. ಮನೆಬಳಕೆಗೆ ಇದನ್ನು ನಾವು ಸೂಚಿಸುವುದಿಲ್ಲ. ಕಾರಣ ಬೆಲೆಯೊಂದೇ ಅಲ್ಲ. ಬಿಟ್ ಮರದಲ್ಲಿ ಸಿಕ್ಕಿಕೊಂಡಾಗ ಯಂತ್ರದ ತಿರುಚುಬಲವೆಲ್ಲ ಹಿಡಿದವರ ಕೈಗೆ ತಿರುಗುತ್ತದೆ. 12 ನ್ಯೂಟನ್ ಮೀಟರ್ ಬಲದ ಚಿಕ್ಕ ಯಂತ್ರವನ್ನು ತಲೆಯಿಂದ 250 ಮಿ.ಮೀ. ದೂರದಲ್ಲಿ ಹಿಡಿದಿದ್ದರೆ ಕೈಗೆ ಬೀಳುವ ಹೊಡೆತ ಸುಮಾರು 5 ಕಿಲೋಗ್ರಾಂ ತೂಕಕ್ಕೆ ಸಮ; ಹೆಚ್ಚಿನವರು ತಡೆದುಕೊಳ್ಳಬಲ್ಲರು. 100 ನ್ಯೂಟನ್ ಮೀಟರ್ ಬಲದ ದೊಡ್ಡ ಯಂತ್ರವನ್ನು 400 ಮಿ.ಮೀ. ದೂರದಲ್ಲಿ ಹಿಡಿದಿದ್ದರೂ ಹೊಡೆತ 25 ಕಿಲೋಗ್ರಾಂ. ಏಣಿಯ ಮೇಲೆ, ತಲೆಯೆತ್ತಿ ನಿಂತವರಿಗೆ ಅದು ಮಣಿಕಟ್ಟು ಮುರಿಯಲು ಅಥವಾ ಕೆಳಗೆ ಬೀಳಲು ಸಾಕಾದ ಹೊಡೆತ. ಅಂಥ ಯಂತ್ರ ಬೇಕಾಗುವ ಕೆಲಸ ಬಂದರೆ ಅದನ್ನು ಬಳಸಿ ಪಳಗಿದವರನ್ನೇ ಕರೆಸಿ.

ತಂತಿಯದೋ ಬ್ಯಾಟರಿಯದೋ ಎಂಬ ಪ್ರಶ್ನೆಗೆ ಹಳೆಯ ಮನೆಯೇ ಉತ್ತರ ಹೇಳುತ್ತದೆ. ಜಂತೆಗಳ ಪಕ್ಕದಲ್ಲಿ ಹಳೆಯ ವಿದ್ಯುತ್ ತಂತಿಗಳು ಹಾದುಹೋಗಿದ್ದರೆ ಕೊರೆಯುವ ಮೊದಲು ಮೇನ್ ಸ್ವಿಚ್ ತೆಗೆಯಲೇಬೇಕು. ಮೇನ್ ತೆಗೆದ ಮನೆಯಲ್ಲಿ ತಂತಿಯ ಯಂತ್ರ ಓಡುವುದಿಲ್ಲ. ಜನರೇಟರ್ ಇಲ್ಲದವರು ‘ಒಂದು ನಿಮಿಷದ ಕೆಲಸ’ ಎಂದು ಮೇನ್ ಹಾಕಿಕೊಂಡೇ ಕೊರೆಯುತ್ತಾರೆ. ಅಪಘಾತಗಳಿಗೆ ದಾರಿ ಅಲ್ಲಿಂದಲೇ. ಹಳೆಯ ತಂತಿಗಳಿರುವ ಮನೆಗೆ 18 ವೋಲ್ಟ್ ಬ್ಯಾಟರಿಯ ಯಂತ್ರವೇ ಉಚಿತ. ತಂತಿಯೇ ಇಲ್ಲದ ಹೊಸ ಉಗ್ರಾಣಕ್ಕೆ, ಮಂದವೋಲ್ಟೇಜಿನ ತೊಂದರೆ ಇಲ್ಲದ ಕಡೆ, ತಂತಿಯ ಯಂತ್ರ ಕಡಿಮೆ ಬೆಲೆಯಲ್ಲಿ ಹೆಚ್ಚು ಕೆಲಸ ಕೊಡುತ್ತದೆ. ವೋಲ್ಟೇಜ್ ಬಹಳ ಇಳಿದಿರುವಾಗ ಮೋಟರಿನ ಮೇಲೆ ಹೊರೆ ಹಾಕಿದರೆ ಅದು ಬಿಸಿಯಾಗಿ ಸುಡುತ್ತದೆ. ವಾಸನೆ ಬಂದೊಡನೆ ನಿಲ್ಲಿಸಿ.

ಕೊಳ್ಳುವಾಗ ಕೈಯಲ್ಲಿ ಹಿಡಿದು ಪರೀಕ್ಷಿಸಬೇಕಾದವುಗಳಲ್ಲಿ ವೇಗ ನಿಯಂತ್ರಣ ಮೊದಲನೆಯದು. ಸ್ವಿಚ್ಚನ್ನು ಮೆಲ್ಲಗೆ ಒತ್ತಿದಾಗ ಮೆಲ್ಲಗೆ ತಿರುಗದ ಯಂತ್ರವನ್ನು ಹಿಂದಿರುಗಿಸಿ. ಹಿಮ್ಮುಖ ತಿರುಗಣೆ ಇರಲೇಬೇಕು, ಇಲ್ಲವಾದರೆ ಸಿಕ್ಕಿಕೊಂಡ ಬಿಟ್ಟನ್ನು ಹೊರತೆಗೆಯುವುದು ದೊಡ್ಡ ಪಾಡು. ಉದ್ದವಾದ ಪ್ಯಾಡಲ್ ಸ್ವಿಚ್ ಇದ್ದರೆ ಹೇಗೆ ಹಿಡಿದರೂ ಬೆರಳಿಗೆ ಸಿಗುತ್ತದೆ. ಆದರೆ ಸ್ವಿಚ್ಚನ್ನು ಒತ್ತಿದ ಸ್ಥಿತಿಯಲ್ಲೇ ಲಾಕ್ ಮಾಡುವ ಗುಂಡಿಯನ್ನು ಅಟ್ಟದ ಕೆಲಸದಲ್ಲಿ ಬಳಸಬಾರದು. ಕೈ ಜಾರಿದರೂ ಯಂತ್ರ ತಿರುಗುತ್ತಲೇ ಇರುತ್ತದೆ.

ಬಿಟ್ ಮತ್ತು ವೇಗ

ಯಂತ್ರದಷ್ಟೇ ಮುಖ್ಯವಾದುದು ಬಿಟ್. ಚಪ್ಪಟೆ ಬಿಟ್ ಅಗ್ಗ, ಮೊಟಕು ಅಳತೆಯಲ್ಲೂ ಸಿಗುತ್ತದೆ. ಆದರೆ ಗಟ್ಟಿಮರದಲ್ಲಿ ಕೆರೆಯುತ್ತ ಬಿಸಿಯೇರಿ ಬೇಗ ಮೊಂಡಾಗುತ್ತದೆ. ಸುರುಳಿಯಾಕಾರದ ಆಗರ್ ಬಿಟ್ ಹಳೆಯ ಕೈಬೈರಿಗೆಯ ವಂಶದ್ದು. ತುದಿಯ ತಿರುಪು ತಾನಾಗಿಯೇ ಮರದೊಳಗೆ ಎಳೆದುಕೊಂಡು ಹೋಗುವುದರಿಂದ ಹಿಂದಿನಿಂದ ಒತ್ತುವ ಶ್ರಮ ಕಡಿಮೆ. ಇಕ್ಕಟ್ಟಿನಲ್ಲಿ ಒತ್ತಲು ಜಾಗವೇ ಇಲ್ಲದಿರುವುದರಿಂದ ಇದೊಂದು ದೊಡ್ಡ ಅನುಕೂಲ. ಆದರೆ ಎಳೆಯುವ ತಿರುಪೇ ಚಿಕ್ಕ ಯಂತ್ರವನ್ನು ಸಿಕ್ಕಿಸಿ ನಿಲ್ಲಿಸಿಬಿಡುವುದೂ ಉಂಟು. ಎರಡು ತಿರುವು ಒಳಗೆ ಹೋದ ಮೇಲೆ ಹಿಮ್ಮುಖವಾಗಿ ತಿರುಗಿಸಿ ಸಿಪ್ಪೆ ಹೊರತೆಗೆದು ಮತ್ತೆ ಮುಂದುವರಿಯಿರಿ.

22 ಮಿ.ಮೀ. ರಂಧ್ರಕ್ಕೆ ಗಟ್ಟಿಮರದಲ್ಲಿ ನಿಮಿಷಕ್ಕೆ 300ರಿಂದ 600 ಸುತ್ತು ಸಾಕು. 3 ಮಿ.ಮೀ. ಬಿಟ್ಟಿಗೆ 1500ಕ್ಕೂ ಮೇಲ್ಪಟ್ಟ ವೇಗ ಬೇಕು. ಮೊದಲು ತೆಳುವಾದ ಬಿಟ್ಟಿನಿಂದ ದಾರಿರಂಧ್ರ ಹಾಕಿ ಆಚೆ ಬದಿಯಲ್ಲಿ ಎಲ್ಲಿ ಹೊರಬರುತ್ತದೆಂದು ನೋಡಿಕೊಂಡರೆ ದೊಡ್ಡ ಬಿಟ್ ಹಾಕುವ ಮೊದಲೇ ತಪ್ಪು ತಿದ್ದಿಕೊಳ್ಳಬಹುದು. ಕೊರೆಯುವ ಜಾಗದ ಮೇಲೆ ಒಂದು ಅಯಸ್ಕಾಂತವನ್ನು ಆಡಿಸಿ ನೋಡುವುದು ಒಳ್ಳೆಯದು: ಹಳೆಯ ಜಂತೆಗಳಲ್ಲಿ ತಲೆ ಮುರಿದ ಮೊಳೆಗಳು ಒಳಗೇ ಉಳಿದಿರುತ್ತವೆ.

ರಂಧ್ರ ಎಲ್ಲಿ, ಎಷ್ಟು ದೊಡ್ಡದು?

ಕಟ್ಟಡಗಳ ಮರದ ವಿನ್ಯಾಸಕ್ಕೆ ಭಾರತೀಯ ಮಾನಕ ಐಎಸ್ 883 ಇದೆ. ಮನೆಯ ಜಂತೆಯಲ್ಲಿ ರಂಧ್ರ ಕೊರೆಯುವವರಿಗೆ ನೇರವಾಗಿ ಉಪಯೋಗವಾಗುವ ಸರಳ ನಿಯಮಗಳು ಬ್ರಿಟನ್ ಮತ್ತು ಅಮೆರಿಕದ ಪದ್ಧತಿಗಳಲ್ಲಿ ಸಿಗುತ್ತವೆ. ಅಮೆರಿಕದ ವಸತಿ ಸಂಹಿತೆ ಆಳದ ಮೂರನೆಯ ಒಂದು ಭಾಗದವರೆಗಿನ ವ್ಯಾಸವನ್ನು ಒಪ್ಪುತ್ತದೆ, ಮೇಲಿನ ಮತ್ತು ಕೆಳಗಿನ ಅಂಚುಗಳಿಂದ ಕನಿಷ್ಠ ಎರಡು ಅಂಗುಲ ದೂರವಿರಬೇಕೆನ್ನುತ್ತದೆ. ಬ್ರಿಟಿಷ್ ಪದ್ಧತಿ ಇನ್ನೂ ಬಿಗಿ: ವ್ಯಾಸ ಆಳದ ಕಾಲು ಭಾಗವನ್ನು ಮೀರಬಾರದು, ರಂಧ್ರ ನಡುಮಧ್ಯದ ರೇಖೆಯ ಮೇಲೇ ಇರಬೇಕು, ಆಸರೆಯಿಂದ ಹರವಿನ ನೂರಕ್ಕೆ 25ರಿಂದ 40ರ ನಡುವಿನ ಭಾಗದಲ್ಲಿ ಮಾತ್ರ ಇರಬೇಕು, ಎರಡು ರಂಧ್ರಗಳ ನಡುವೆ ವ್ಯಾಸದ ಮೂರು ಪಟ್ಟು ಅಂತರ ಬೇಕು. ಈ ನಿಯಮಗಳು ಸಮನಾಗಿ ಸೀಳಿದ ಹೊಸ ಮರಕ್ಕೆ ಸಂಬಂಧಿಸಿದವು. ವಯಸ್ಸಾದ, ಗಂಟುಗಳುಳ್ಳ, ಬೊಡ್ಡು ಹತ್ತಿರಬಹುದಾದ ನಮ್ಮ ಜಂತೆಗಳಿಗೆ ಬಿಗಿಯಾದುದನ್ನೇ ಅನುಸರಿಸುವುದು ವಿವೇಕ.

ಮೂರು ಮೀಟರ್ ಹರವಿನ ಜಂತೆಯಾದರೆ ಆಸರೆಯಿಂದ 75 ಸೆಂ.ಮೀ. ಮತ್ತು 120 ಸೆಂ.ಮೀ. ನಡುವಿನ ಭಾಗದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಆಳ 150 ಮಿ.ಮೀ. ಇದ್ದರೆ 37 ಮಿ.ಮೀ. ವರೆಗೆ ಅವಕಾಶವಿದೆ; 25 ಮಿ.ಮೀ. ಕಾಂಡ್ಯೂಟ್ ಕೊಳವೆ ಹಾಯಲು 28 ಮಿ.ಮೀ. ರಂಧ್ರ ಸಾಕು. ಆಳ 100 ಮಿ.ಮೀ. ಇದ್ದರೆ 25 ಮಿ.ಮೀ. ಮಿತಿ, ಆದ್ದರಿಂದ 20 ಮಿ.ಮೀ. ಕೊಳವೆ ಮತ್ತು 22 ಮಿ.ಮೀ. ರಂಧ್ರ. ಆಳ 75 ಮಿ.ಮೀ. ಮಾತ್ರ ಇರುವ ಜಂತೆಯನ್ನು ಕೊರೆಯಲೇಬಾರದು. ಅಲ್ಲಿ ಕೊಳವೆಯನ್ನು ಜಂತೆಯ ಪಕ್ಕಕ್ಕೆ ಕ್ಲಿಪ್ಪಿನಿಂದ ಹೊಂದಿಸಿ ಗೋಡೆಯ ಕಡೆಯಿಂದ ಸುತ್ತಿಸಿ ಒಯ್ಯಬಹುದು. ನೋಟಕ್ಕೆ ಅಷ್ಟು ಅಂದವಾಗಿ ಕಾಣದು, ಅಷ್ಟೇ.

ಕೊಳವೆ ಇಲ್ಲದೆ ಬರಿಯ ತಂತಿಯನ್ನು ರಂಧ್ರದಲ್ಲಿ ಹಾಯಿಸಬೇಡಿ. ಕಾಫಿ, ಭತ್ತ ಇರುವ ಅಟ್ಟದಲ್ಲಿ ಇಲಿ ಇದ್ದೇ ಇರುತ್ತದೆ. ಅದು ತಂತಿಯ ಹೊದಿಕೆಯನ್ನು ಕಡಿದ ಜಾಗ ಒಣಗಿದ ಗೋಣಿಚೀಲದ ಪಕ್ಕದಲ್ಲೇ ಇದ್ದರೆ ಬೆಂಕಿಗೆ ಬೇರೆ ಕಾರಣ ಬೇಕಿಲ್ಲ. ವೈರಿಂಗ್ ಪದ್ಧತಿಗೆ ಐಎಸ್ 732 ಆಧಾರ. ರಂಧ್ರವನ್ನು ನೀವೇ ಕೊರೆದರೂ ತಂತಿಯ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸಬೇಕು. ಮೇನಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಅದೇ ಸಂದರ್ಭದಲ್ಲಿ ಹಾಕಿಸಿಕೊಳ್ಳಿ.

ಮುಖ್ಯ ತೊಲೆಗಳನ್ನು ಯಾವ ಅಳತೆಯಲ್ಲೂ ಕೊರೆಯಬಾರದು. ಐನ್‌ಮನೆಗಳ ವಿಷಯದಲ್ಲಿ ಇನ್ನೊಂದು ಮಾತು: ಅದು ಇಡೀ ಒಕ್ಕಕ್ಕೆ ಸೇರಿದ ಮನೆ. ಕೆತ್ತನೆಯ ಕಂಬ, ತೊಲೆಗಳ ಹತ್ತಿರ ಬಿಟ್ ತರುವ ಮೊದಲು ಒಕ್ಕದ ಹಿರಿಯರೊಡನೆ ಕೂತು ಮಾತನಾಡಿ, ಹಳೆಯ ಮರಗೆಲಸ ಬಲ್ಲ ಆಚಾರಿಯ ಅಭಿಪ್ರಾಯ ಪಡೆಯಿರಿ. ಕೊರೆದ ರಂಧ್ರವನ್ನು ಮುಚ್ಚಬಹುದು, ಕೊರೆಯದಂತೆ ಮಾಡಲಾಗದು.

ಗೆದ್ದಲಿಗೆ ಔಷಧ ತುಂಬುವಾಗ

ಇಲ್ಲಿ ಮಾತ್ರ ಓರೆ ರಂಧ್ರವೇ ಸರಿ. ಗೋಡೆಗೆ ತಾಗಿರುವ ಜಂತೆಯ ತುದಿಗಳಿಗೆ ಗೆದ್ದಲು ಹತ್ತಿದ್ದರೆ, ಕಣ್ಣಿಗೆ ಬೀಳದ ಬದಿಯಿಂದ ಸುಮಾರು 3 ಮಿ.ಮೀ. ವ್ಯಾಸದ ರಂಧ್ರಗಳನ್ನು ಕೆಳಮುಖ ಓರೆಯಲ್ಲಿ ಮರದ ತಿರುಳಿನವರೆಗೆ ಕೊರೆದು, 150 ಮಿ.ಮೀ. ಅಂತರದಲ್ಲಿ ಸಾಲಾಗಿ ಹಾಕಿ, ಔಷಧವನ್ನು ಸಿರಿಂಜಿನಿಂದ ತುಂಬುವುದು ಕಟ್ಟಡ ಇಲಾಖೆಗಳ ರೂಢಿಯ ಕ್ರಮ. ಅಷ್ಟು ತೆಳುವಾದ ರಂಧ್ರಗಳಿಂದ ಜಂತೆಯ ಬಲ ಕುಗ್ಗುವುದಿಲ್ಲ. ಕೆಳಮುಖವಾಗಿರುವುದರಿಂದ ಔಷಧ ಹೊರಗೆ ಸೋರದೆ ಒಳಗಿಳಿಯುತ್ತದೆ. ಆದರೆ ಕೊರೆಯುವ ಮೊದಲು ಉಳಿಯ ಹಿಡಿಯಿಂದ ಜಂತೆಯನ್ನು ತಟ್ಟಿ ನೋಡಿ. ಪೊಳ್ಳು ಸದ್ದು ಬಂದರೆ, ತಿರುಪುಳಿಯ ಮೊನೆ ಸಲೀಸಾಗಿ ಒಳನುಗ್ಗಿದರೆ, ಔಷಧದ ಹಂತ ದಾಟಿದೆ, ಜಂತೆ ಬದಲಿಸಬೇಕು.

ಮರದ ಚಿಕಿತ್ಸೆಗೆಂದು ಲೇಬಲ್ಲಿನಲ್ಲಿ ನಮೂದಿಸಿದ ನೋಂದಾಯಿತ ಔಷಧವನ್ನೇ ಬಳಸಬೇಕು. ತೋಟಕ್ಕೆ ತಂದು ಉಳಿದ ಕೀಟನಾಶಕವನ್ನು ಅಂದಾಜಿನಲ್ಲಿ ಸುರಿಯುವ ಅಭ್ಯಾಸ ಸಲ್ಲದು. ಕಾಫಿ, ಮೆಣಸು, ಧಾನ್ಯಗಳನ್ನು ಮೊದಲೇ ಕೆಳಗಿಳಿಸಿ, ಲೇಬಲ್ಲಿನಲ್ಲಿ ಹೇಳಿದ ಅವಧಿ ಕಳೆದು ಗಾಳಿಯಾಡಿದ ಮೇಲಷ್ಟೇ ಮರಳಿ ಏರಿಸಿ.

ಕೆಲಸದ ಹೊತ್ತಿನಲ್ಲಿ

ಮಳೆ ನಿಂತು ಮರದ ತೇವ ಇಳಿದ ಮೇಲೆ, ಹುತ್ತರಿಯ ಆಸುಪಾಸಿನಲ್ಲಿ, ರೊಬಸ್ಟಾ ಕೊಯ್ಲಿಗೆ ಮುನ್ನ ಅಟ್ಟ ಖಾಲಿಯಾಗಿರುತ್ತದೆ. ಈ ಕೆಲಸಕ್ಕೆ ಅದೇ ತಕ್ಕ ಕಾಲ. ಮಳೆಗಾಲದ ತೇವಗೊಂಡ ಮರದಲ್ಲಿ ಸಿಪ್ಪೆ ಅಂಟಿಕೊಂಡು ಬಿಟ್ ಸಿಕ್ಕಿಕೊಳ್ಳುವುದು ಹೆಚ್ಚು. ಅಟ್ಟದ ಮೇಲೆ ಭಾರವಿರುವಾಗ ಜಂತೆ ಕೊರೆಯಬಾರದೆಂದು ಬೇರೆ ಹೇಳಬೇಕಿಲ್ಲ. ಕಣಜದ ಗೂಡು ಇದೆಯೇ ಎಂದು ಟಾರ್ಚ್ ಹಾಕಿ ನೋಡಿಯೇ ಏಣಿ ಹತ್ತಿ. ಡ್ರಿಲ್ಲಿನ ಅದುರುವಿಕೆಯಿಂದ ಅವು ಏಳುತ್ತವೆ.

ಯಂತ್ರದ ಹಿಂದಿನಿಂದ ನೋಡಿದಾಗ ಬಿಟ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಸಿಕ್ಕಿಕೊಂಡರೆ ಯಂತ್ರದ ದೇಹ ಅದಕ್ಕೆ ವಿರುದ್ಧವಾಗಿ ತಿರುಗುತ್ತದೆ. ಆದ್ದರಿಂದ ಹಿಡಿ ನಿಮ್ಮ ಬಲಕ್ಕೆ ಚಾಚಿದ್ದರೆ ಅದು ಮೇಲಕ್ಕೆ, ಹಲಗೆಯ ಕಡೆಗೆ ಏಳುತ್ತದೆ. ಎಡಕ್ಕೆ ಚಾಚಿದ್ದರೆ ಕೆಳಕ್ಕೆ, ನಿಮ್ಮ ಮುಖದ ಕಡೆಗೆ ಬರುತ್ತದೆ. ಈ ಒಂದು ಸಂಗತಿಯನ್ನು ಮನೆಯಲ್ಲಿ ಡ್ರಿಲ್ ಹಿಡಿಯುವ ಪ್ರತಿಯೊಬ್ಬರಿಗೂ ತೋರಿಸಿಕೊಡಿ. ಹಿಡಿಯನ್ನು ಬಲಕ್ಕಿಟ್ಟು, ಸಾಧ್ಯವಾದಲ್ಲಿ ಯಂತ್ರದ ದೇಹಕ್ಕೂ ಹಲಗೆಗೂ ನಡುವೆ ಒಂದು ಮರದ ತುಂಡನ್ನು ಆನಿಸಿ ಹಿಡಿದರೆ ಹೊಡೆತವನ್ನು ಹಲಗೆ ತಾಳಿಕೊಳ್ಳುತ್ತದೆ, ಮಣಿಕಟ್ಟು ತಾಳಬೇಕಾಗಿಲ್ಲ. ಬೆರಳುಗಳು ದೇಹಕ್ಕೂ ಹಲಗೆಗೂ ನಡುವೆ ಸಿಲುಕದಂತೆ ನೋಡಿಕೊಳ್ಳಿ.

ತಲೆಯ ಮೇಲೆ ಕೊರೆಯುವಾಗ ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ, ಮೂಗಿಗೆ ಮಾಸ್ಕ್ ಬೇಕು. ಬೀಟೆಯಂತಹ ಮರಗಳ ಧೂಳು ಕೆಲವರ ಚರ್ಮಕ್ಕೂ ಉಸಿರಿಗೂ ಒಗ್ಗುವುದಿಲ್ಲ. ಸಡಿಲವಾದ ಕೈಗವಸು, ಇಳಿಬಿಟ್ಟ ತೋಳು, ಕತ್ತಿನ ಟವೆಲ್ ಇವು ಬಿಟ್ಟಿಗೆ ಸುತ್ತಿಕೊಳ್ಳುತ್ತವೆ. ಏಣಿಯ ಬುಡವನ್ನು ಇನ್ನೊಬ್ಬರು ಹಿಡಿದಿರಲಿ.

ಒಂದು ಮನೆಗೆ ಹತ್ತು ರಂಧ್ರ ಬೇಕೆಂದರೆ ಹೊಸ ಯಂತ್ರ ಕೊಳ್ಳುವುದು ದುಂದು. ಊರಿನ ವಿದ್ಯುತ್ ಕೆಲಸಗಾರರಲ್ಲಿ ಒಬ್ಬರಾದರೂ ಇದನ್ನು ಇಟ್ಟುಕೊಂಡಿರುತ್ತಾರೆ. ದಿನದ ಬಾಡಿಗೆಗೆ ಕೇಳಿ ನೋಡಿ. ನಾಲ್ಕೈದು ಅಕ್ಕಪಕ್ಕದ ಮನೆಯವರು ಅಥವಾ ಒಂದು ಸ್ವಸಹಾಯ ಸಂಘ ಸೇರಿ 18 ವೋಲ್ಟಿನ ಒಂದು ಯಂತ್ರ, 22 ಮತ್ತು 28 ಮಿ.ಮೀ. ಆಗರ್ ಬಿಟ್‌ಗಳು, 3 ಮಿ.ಮೀ. ಬಿಟ್‌ಗಳ ಒಂದು ಪೊಟ್ಟಣ ಕೊಂಡರೆ ಹಲವು ವರ್ಷ ಬಾಳುತ್ತದೆ. ಎರಡು ಮೂರೇ ರಂಧ್ರಗಳಾದರೆ ಅಜ್ಜನ ಕಾಲದ ಕೈಬೈರಿಗೆಯನ್ನು ಹುಡುಕಿ ನೋಡಿ. ನಿಧಾನವಾದರೂ ಅದು ಕೈಯನ್ನು ತಿರುಚುವುದಿಲ್ಲ, ಮೇನ್ ಹಾಕಬೇಕೆಂದೂ ಕೇಳುವುದಿಲ್ಲ.

ಕೊಡಗಿನ ಮಳೆಗಾಲ ಯಂತ್ರಗಳಿಗೆ ಒಳ್ಳೆಯದಲ್ಲ. ಕೆಲಸ ಮುಗಿದೊಡನೆ ಚಕ್ಕಿನ ಧೂಳನ್ನು ಕುಂಚದಿಂದ ತೆಗೆದು, ಬಿಟ್‌ಗಳಿಗೆ ತೆಳುವಾಗಿ ಎಣ್ಣೆ ಸವರಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಬ್ಯಾಟರಿಯನ್ನು ಯಂತ್ರದಿಂದ ಬೇರ್ಪಡಿಸಿ, ಅರ್ಧದಷ್ಟು ಚಾರ್ಜ್ ಮಾಡಿ, ಒಣಗಿದ ಕಪಾಟಿನಲ್ಲಿ ಇರಿಸಿ. ಒಲೆಯ ಮೇಲಿನ ಹಲಗೆ ಬೆಚ್ಚಗಿರುತ್ತದೆಂದು ಅಲ್ಲಿಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ತಿಂಗಳಿಗೊಮ್ಮೆ ಹೊರತೆಗೆದು ಚಾರ್ಜ್ ನೋಡಿ, ಯಂತ್ರವನ್ನು ಒಂದೆರಡು ನಿಮಿಷ ಬರಿದೆ ಓಡಿಸಿ.